ಮೂಳೆ ಏಕೆ ಸವೆಯಿತೆಂದು ಕೇಳದೆ ಕ್ಯಾಲ್ಸಿಯಂ ನುಂಗಬೇಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೂಳೆ ಸವೆತ, ಹೊಟ್ಟೆಯ ಬೊಜ್ಜು, ಥೈರಾಯ್ಡ್, ಸಕ್ಕರೆ ಕಾಯಿಲೆ ಕುರಿತು ಬಂದ ಪತ್ರಗಳಲ್ಲಿ ಎಂಟನ್ನು ಈ ಸಲ ಆಯ್ದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಒಂದೇ: ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೆಯದು? ಕೊಡಕ್ಕೆ ನೀರು ತುಂಬುವ ಮೊದಲು ಅದು ಎಲ್ಲಿ ಸೋರುತ್ತಿದೆ ಎಂದು ನೋಡಬೇಕಲ್ಲವೇ? ಮೂಳೆಯ ವಿಷಯದಲ್ಲಿ ಆ ಸೋರಿಕೆ ಬಹಳ ಸಲ ಒಂದು ಹಾರ್ಮೋನಿನ ಏರುಪೇರು, ಇಲ್ಲವೇ ನಾವು ದಿನಾ ನುಂಗುತ್ತಿರುವ ಬೇರೊಂದು ಔಷಧಿ.

ಪ್ರಶ್ನೆ: ನನಗೆ 44 ವರ್ಷ. 36ನೇ ವಯಸ್ಸಿನಲ್ಲಿ ರಕ್ತಸ್ರಾವ ಹೆಚ್ಚೆಂದು ಗರ್ಭಕೋಶ ತೆಗೆದರು. ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆಂದು ಈಚೆಗೆ ಹಳೆಯ ಡಿಸ್ಚಾರ್ಜ್ ಚೀಟಿ ಓದಿಸಿದಾಗ ತಿಳಿಯಿತು. ಊರಿನ ಶಿಬಿರದಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ನೋಡಿ ಮೈನಸ್ 2.1 ಎಂದರು. ಎರಡು ವರ್ಷದಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಿದ್ದೇನೆ. ಬೆನ್ನುನೋವು ಹೋಗಿಲ್ಲ, ಹೊಟ್ಟೆ ಮಾತ್ರ ಬರುತ್ತಿದೆ. (ಓದುಗರು, ರಾಣೆಬೆನ್ನೂರು)

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಶಿಬಿರದ ಅಂಕಿಯಲ್ಲ, ಆ ಡಿಸ್ಚಾರ್ಜ್ ಚೀಟಿ. ಅದನ್ನು ಜೋಪಾನವಾಗಿಡಿ.

ಮೂಳೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಹಳೆಯದನ್ನು ಕೆರೆದು ತೆಗೆಯುವ ಕೋಶಗಳು ಒಂದು ಕಡೆ, ಹೊಸದನ್ನು ಮೆತ್ತುವ ಕೋಶಗಳು ಇನ್ನೊಂದು ಕಡೆ ಜೀವಮಾನವಿಡೀ ಕೆಲಸ ಮಾಡುತ್ತಿರುತ್ತವೆ. ಕೆರೆಯುವ ಕೋಶಗಳಿಗೆ ಕಡಿವಾಣ ಹಾಕುವುದು ಅಂಡಾಶಯ ತಯಾರಿಸುವ ಈಸ್ಟ್ರೊಜೆನ್ ಹಾರ್ಮೋನು. ಅದು ಇಳಿದರೆ ಕೆರೆತ ಮೇಲುಗೈ ಪಡೆಯುತ್ತದೆ. ತಾನಾಗಿ ಮುಟ್ಟು ನಿಲ್ಲುವಾಗ ಈ ಇಳಿತ ಕೆಲವು ವರ್ಷಗಳಲ್ಲಿ ನಿಧಾನವಾಗಿ ಆಗುತ್ತದೆ. ಭಾರತದ ಹೆಂಗಸರಲ್ಲಿ ಅದು ಸರಾಸರಿ 46–47ರ ಆಸುಪಾಸು. ಅಂಡಾಶಯ ತೆಗೆದಾಗ ಅದೇ ಇಳಿತ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಅಂದರೆ ನಿಮ್ಮ ಮೂಳೆಗಳು ಹತ್ತು ವರ್ಷ ಮೊದಲೇ ರಕ್ಷಣೆ ಕಳೆದುಕೊಂಡವು. ಆ ಜಾಗವನ್ನು ಕ್ಯಾಲ್ಸಿಯಂ ತುಂಬಲಾರದು. ಅದು ಇಟ್ಟಿಗೆ ಮಾತ್ರ, ಮೇಸ್ತ್ರಿಯಲ್ಲ.

ಹೊಟ್ಟೆ ಬರುತ್ತಿರುವುದಕ್ಕೂ ಇದೇ ಮುಖ್ಯ ಕಾರಣ. ಈಸ್ಟ್ರೊಜೆನ್ ಇದ್ದಾಗ ಕೊಬ್ಬು ತೊಡೆ, ಸೊಂಟದ ಕೆಳಭಾಗದಲ್ಲಿ ಸೇರುತ್ತದೆ. ಅದು ಇಲ್ಲವಾದಾಗ ಹೊಟ್ಟೆಯೊಳಗೆ, ಕರುಳು–ಯಕೃತ್ತಿನ ಸುತ್ತ ಕೂರುತ್ತದೆ. ಒಳಗೆ ಕೂತ ಈ ಕೊಬ್ಬು ಸುಮ್ಮನಿರುವುದಿಲ್ಲ. ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಟ್ಟು ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ. ಆದ್ದರಿಂದ ನೀವು ಮೂಳೆಯ ಜೊತೆಗೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿಕೊಳ್ಳಬೇಕು.

ಹಿಮ್ಮಡಿಯ ಯಂತ್ರ ಶಬ್ದತರಂಗದ್ದು. ಮುಂದಿನ ಪರೀಕ್ಷೆ ಯಾರಿಗೆ ಬೇಕು ಎಂದು ಜರಡಿ ಹಿಡಿಯಲು ಅದು ಸಾಕು, ಕಾಯಿಲೆ ನಿರ್ಧರಿಸಲು ಸಾಲದು. ನಿಮಗೆ ಬೇಕಿರುವುದು ಸೊಂಟದ ಕೀಲು ಮತ್ತು ಬೆನ್ನುಮೂಳೆಯ ಕೆಳಭಾಗದ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ. ಅದರಲ್ಲಿ ಟಿ-ಸ್ಕೋರ್ (ಪ್ರಾಯದವರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಿದೆ, ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಸವೆತದ ಕಾಯಿಲೆ). ಇದಕ್ಕೂ ಮೊದಲು ಒಂದು ಖರ್ಚಿಲ್ಲದ ಪರೀಕ್ಷೆ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ಎತ್ತರ ಅಳೆಸಿ. ಪ್ರಾಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನಿನ ಯಾವುದೋ ಮಣಿ ಸದ್ದಿಲ್ಲದೆ ಕುಸಿದಿರಬಹುದು. ಆಗ ಬೆನ್ನಿನ ಪಕ್ಕದ ಎಕ್ಸ್-ರೇ ತಪ್ಪಿಸಬೇಡಿ. ಮಣಿ ಕುಸಿದಿದ್ದರೆ ಟಿ-ಸ್ಕೋರ್ ಎಷ್ಟೇ ಇರಲಿ, ಅದು ಆಸ್ಟಿಯೊಪೊರೋಸಿಸ್ ಎಂದೇ ಲೆಕ್ಕ. ಜೊತೆಗೆ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಕೆಲಸ ತೋರಿಸುವ ಅಂಕಿ) ರಕ್ತಪರೀಕ್ಷೆ ಮಾಡಿಸಿ. ಕ್ಯಾಲ್ಸಿಯಂ ಹೆಚ್ಚಾಗಿ ಬಂದರೆ, ಥೈರಾಯ್ಡ್ ಹಿಂದಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನೂ ನೋಡಲೇಬೇಕು. ಆ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತಿರುತ್ತದೆ. ಪದೇ ಪದೇ ಮೂತ್ರಪಿಂಡದ ಕಲ್ಲು ಆಗುವವರಲ್ಲಿ ಈ ಅನುಮಾನ ಇನ್ನೂ ಗಟ್ಟಿ.

ಈಗ ಮುಖ್ಯ ಮಾತು. 45ಕ್ಕಿಂತ ಮೊದಲೇ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೊಜೆನ್ ಮರಳಿ ಕೊಡುವುದೇ ಸರಿಯಾದ ಚಿಕಿತ್ಸೆ. ನಿಮಗೆ ಅದನ್ನು ಎಂಟು ವರ್ಷಗಳ ಹಿಂದೆಯೇ ಹೇಳಬೇಕಿತ್ತು. ಸ್ತನ ಕ್ಯಾನ್ಸರ್, ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಪಾರ್ಶ್ವವಾಯು, ಹೃದಯಾಘಾತ, ತೀವ್ರ ಯಕೃತ್ತಿನ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಕೂಡ ಕೊಡಬೇಕು, ಇಲ್ಲದಿದ್ದರೆ ಒಳಪದರ ದಪ್ಪವಾಗಿ ಕ್ಯಾನ್ಸರ್ ಅಪಾಯ ಹುಟ್ಟುತ್ತದೆ. ನಿಮಗೆ ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲೂ ಸಿಗುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಮಾತ್ರೆಗಿಂತ ಕಡಿಮೆ. ಡೆಕ್ಸಾ ವರದಿ ಕೈಯಲ್ಲಿ ಹಿಡಿದು ಸ್ತ್ರೀರೋಗ ತಜ್ಞರನ್ನೋ ಹಾರ್ಮೋನು ತಜ್ಞರನ್ನೋ ನೋಡಿ, ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಕಲಬುರಗಿ ಕಡೆಯ ತಾಂಡಾಗಳ ಹೆಣ್ಣುಮಕ್ಕಳು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ ಬೀದಿಗಿಳಿದು ಹೋರಾಡಿದ್ದು ಅನೇಕರಿಗೆ ನೆನಪಿರಬಹುದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಹಾಕುವ ಮೊದಲು ಪ್ರತಿಯೊಬ್ಬ ಹೆಂಗಸೂ ಕೇಳಬೇಕಾದ ಮಾತು: ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಏಕೆ?

ಪ್ರಶ್ನೆ: ಅಣ್ಣನಿಗೆ 61 ವರ್ಷ, ಕೀಲುವಾತ. ಎರಡು ವರ್ಷದಿಂದ ದಿನಕ್ಕೆ 10 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗುತ್ತಿದ್ದಾನೆ. ಮುಖ ಊದಿದೆ, ಹೊಟ್ಟೆ ದಪ್ಪ, ಕೈಕಾಲು ಸಣಕಲು. ಬೆಳಗಿನ ಸಕ್ಕರೆ ಸರಿಯಿದೆ ಎನ್ನುತ್ತಾರೆ. ಮಾತ್ರೆ ಇವತ್ತೇ ನಿಲ್ಲಿಸಿಬಿಡುತ್ತೇನೆ ಎನ್ನುತ್ತಿದ್ದಾನೆ. (ಓದುಗರು, ಶಿವಮೊಗ್ಗ)

ಉತ್ತರ: ಇವತ್ತೇ ನಿಲ್ಲಿಸಲು ಬಿಡಬೇಡಿ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಹಾರ್ಮೋನು ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೊಲೋನಿಗೆ ಸಮ. ಹೊರಗಿನಿಂದ ಅದರ ಎರಡು ಪಟ್ಟು ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿರುತ್ತವೆ. ಥಟ್ಟನೆ ಮಾತ್ರೆ ಬಿಟ್ಟರೆ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಪ್ರಾಣಕ್ಕೇ ಅಪಾಯವಾಗಬಹುದು. ಇಳಿಸುವುದು ಹಂತಹಂತವಾಗಿ ಆಗಬೇಕು. 5 ಮಿ.ಗ್ರಾಂ. ತಲುಪಿದ ಮೇಲಂತೂ ತೀರಾ ನಿಧಾನವಾಗಿ. ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಗ್ರಂಥಿ ಎಚ್ಚರಗೊಂಡಿದೆಯೇ ಎಂದು ಹೇಳುತ್ತದೆ. ಜೋರು ಜ್ವರ ಬಂದ ದಿನ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಎಷ್ಟು ಎಂದು ವೈದ್ಯರಿಂದ ಈಗಲೇ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಹಾಕಿಸಿ.

ಹೊಟ್ಟೆ ದಪ್ಪ, ಕೈಕಾಲು ಸಣ್ಣ ಎಂದು ನೀವು ಬರೆದಿರುವುದು ಈ ಔಷಧಿಯ ಪಕ್ಕಾ ಗುರುತು. ಅದು ಕೊಬ್ಬನ್ನು ನಡುವಿಗೆ ತಳ್ಳುತ್ತದೆ, ತೊಡೆ–ತೋಳಿನ ಸ್ನಾಯುವನ್ನು ಕರಗಿಸುತ್ತದೆ. ಮೂಳೆಯ ಮೇಲೆ ಅದರ ಹೊಡೆತ ನಾಲ್ಕು ದಿಕ್ಕಿನಿಂದ: ಮೂಳೆ ಕಟ್ಟುವ ಕೋಶಗಳು ಸಾಯುತ್ತವೆ, ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೆಚ್ಚು ಕ್ಯಾಲ್ಸಿಯಂ ಹೋಗುತ್ತದೆ, ಸ್ನಾಯು ಸೋತು ಬೀಳುವ ಸಾಧ್ಯತೆ ಏರುತ್ತದೆ. ನಷ್ಟ ಅತಿ ಜೋರಾಗಿರುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ, ಅದೂ ಬೆನ್ನಿನ ಮಣಿಗಳಲ್ಲಿ. ದಿನಕ್ಕೆ 2.5 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೇಕಾಗುವವರ ಮೂಳೆಯನ್ನು ಆರಂಭದಲ್ಲೇ ಪರೀಕ್ಷಿಸಬೇಕು ಎಂಬುದು ಇಂದಿನ ನಿಯಮ. ನಿಮ್ಮ ಅಣ್ಣನಿಗೆ ಡೆಕ್ಸಾ, ಬೆನ್ನಿನ ಎಕ್ಸ್-ರೇ ಎರಡೂ ಈಗಲೇ ಬೇಕು. ಬಹುಶಃ ಮೂಳೆ ಉಳಿಸುವ ಔಷಧಿಯೂ ಬೇಕಾದೀತು.

ಸಕ್ಕರೆಯ ಬಗ್ಗೆ ಒಂದು ಮೋಸ ಗಮನಿಸಿ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುವುದು ಮಧ್ಯಾಹ್ನ ಮತ್ತು ಸಂಜೆ. ಖಾಲಿಹೊಟ್ಟೆಯ ಪರೀಕ್ಷೆ ಚೆನ್ನಾಗಿಯೇ ಬರುತ್ತದೆ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ಪರೀಕ್ಷಿಸಿ.

ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್‌ನಂಥ ಮೂಲ ಔಷಧಿ ಸರಿಯಾದ ಪ್ರಮಾಣದಲ್ಲಿ ನಡೆಯುತ್ತಿದೆಯೇ ಎಂದು ಕೇಳಿ. ಕೀಲುವಾತ ಹಿಡಿತಕ್ಕೆ ಬಂದರೆ ಮಾತ್ರ ಸ್ಟೀರಾಯ್ಡ್ ಇಳಿಯುತ್ತದೆ. ಇನ್ನು ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ಕೀಲುನೋವಿನ ಪುಡಿ"ಗಳ ಬಗ್ಗೆ ಎಚ್ಚರ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಾಗಿ, ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂದೇ ಅನುಮಾನಿಸಬೇಕು.

ಪ್ರಶ್ನೆ: 52 ವರ್ಷ. ಥೈರಾಯ್ಡ್ ಕಡಿಮೆ ಎಂದು 75 ಮೈಕ್ರೋಗ್ರಾಂ ಮಾತ್ರೆ ಕೊಟ್ಟಿದ್ದರು. ತೂಕ ಇಳಿಯಲೆಂದು ನಾನೇ 125ಕ್ಕೆ ಏರಿಸಿಕೊಂಡೆ. ಈಗ ಟಿಎಸ್‌ಎಚ್ 0.04. ತೂಕ ಮೂರು ಕಿಲೋ ಇಳಿದಿದೆ, ಆದರೆ ಎದೆ ಡವಗುಟ್ಟುತ್ತದೆ. ಹೀಗೇ ಮುಂದುವರಿಸಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬೇಡ. ಇಳಿದ ಆ ಮೂರು ಕಿಲೋದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಸೇರಿವೆ. ಮೂಳೆಯ ಒಂದು ತುಣುಕನ್ನು ಕೆರೆದು ಮತ್ತೆ ತುಂಬುವ ಒಂದು ಸುತ್ತು ಮುಗಿಯಲು ಸಾಮಾನ್ಯವಾಗಿ ಸುಮಾರು 200 ದಿನ ಬೇಕು. ಥೈರಾಯ್ಡ್ ಹಾರ್ಮೋನು ಅತಿಯಾದಾಗ ಆ ಸುತ್ತು ಅರ್ಧದಷ್ಟು ಕಾಲದಲ್ಲಿ ಮುಗಿಯುತ್ತದೆ. ಕೆರೆಯುವುದು ಬೇಗ, ತುಂಬುವುದು ಅರೆಬರೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದು ಎರಡು ಕಡೆಯ ಹೊಡೆತ. ಟಿಎಸ್‌ಎಚ್ ತೀರಾ ಇಳಿದಿದೆ ಎಂದರೆ ಥೈರಾಯ್ಡ್ ಹಾರ್ಮೋನು ಅತಿಯಾಗಿದೆ ಎಂದರ್ಥ. ಅದು 0.1ಕ್ಕಿಂತ ಕೆಳಗೆ ಬಹುಕಾಲ ಇದ್ದವರಲ್ಲಿ ಮೂಳೆ ಮುರಿತವೂ ಹೃದಯದ ಲಯ ತಪ್ಪುವುದೂ ಹೆಚ್ಚು. ಎದೆಬಡಿತಕ್ಕೆ ಈ ವಾರವೇ ಇಸಿಜಿ ಮಾಡಿಸಿ. ಮೊದಲಿನ ಪ್ರಮಾಣಕ್ಕೆ ಹಿಂದಿರುಗುವುದನ್ನು ವೈದ್ಯರೊಂದಿಗೆ ಮಾತಾಡಿ, ಆಮೇಲೆ 6–8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಅದಕ್ಕಿಂತ ಬೇಗ ನೋಡಿದರೆ ಅಂಕಿ ಇನ್ನೂ ನೆಲೆ ನಿಂತಿರುವುದಿಲ್ಲ.

ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋ. ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಹತ್ತು–ಹದಿನೈದು ಕಿಲೋ ಏರಿದ್ದರೆ ಅದರ ಹೊಣೆಯನ್ನು ಥೈರಾಯ್ಡ್ ಮೇಲೆ ಹೊರಿಸಲಾಗದು.

ಮಾತ್ರೆ ನುಂಗುವ ಕ್ರಮವೂ ಮುಖ್ಯ. ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಮಾತ್ರೆಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿದರೆ ಔಷಧಿ ಪೂರ್ತಿ ಹೀರಿಕೆಯಾಗದು. ಆಮೇಲೆ "ಮಾತ್ರೆ ಸಾಲುತ್ತಿಲ್ಲ" ಎಂದು ಪ್ರಮಾಣ ಏರಿಸುತ್ತಾರೆ, ಮುಂದೊಂದು ದಿನ ಕಾಫಿ ಬಿಟ್ಟಾಗ ಅದೇ ಪ್ರಮಾಣ ಅತಿಯಾಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಅದು ಪರೀಕ್ಷೆಯ ಅಂಕಿಯನ್ನೇ ಸುಳ್ಳು ಮಾಡುತ್ತದೆ.

ಪ್ರಶ್ನೆ: ಕೊಳವೆಬಾವಿ ನೀರು ಕುಡಿದು ಬೆಳೆದವರು ನಾವು. ತಾಯಿಗೆ 58, ಬೆನ್ನು ಬಿಗಿದು ಬಗ್ಗಲಾಗದು. ಡೆಕ್ಸಾದಲ್ಲಿ ಮೂಳೆ ಸಾಂದ್ರತೆ ಸಹಜಕ್ಕಿಂತ ಹೆಚ್ಚು ಎಂದು ಬಂದಿದೆ. ಹಾಗಾದರೆ ನೋವೇಕೆ? (ಓದುಗರು, ಪಾವಗಡ)

ಉತ್ತರ: ಪಾವಗಡದಿಂದ ಬಂದ ಪತ್ರವೆಂದ ಮೇಲೆ ಮೊದಲ ಅನುಮಾನ ಫ್ಲೋರೋಸಿಸ್, ಅಂದರೆ ನೀರಿನಲ್ಲಿರುವ ಫ್ಲೋರೈಡ್ ಮೂಳೆಗೆ ಸೇರಿ ಬರುವ ಕಾಯಿಲೆ. ಫ್ಲೋರೈಡ್ ಮೂಳೆಯ ಹರಳಿನೊಳಗೇ ಸೇರಿಕೊಂಡು ಅದನ್ನು ದಟ್ಟವಾಗಿಸುತ್ತದೆ, ಆದರೆ ಗಟ್ಟಿಯಾಗಿಸುವುದಿಲ್ಲ. ಡೆಕ್ಸಾ ಯಂತ್ರ ಅಳೆಯುವುದು ಖನಿಜದ ಪ್ರಮಾಣವನ್ನು ಮಾತ್ರ. ಒಳ್ಳೆಯ ಮೂಳೆ ಯಾವುದು, ಕೆಟ್ಟು ಸೀಮೆಸುಣ್ಣದಂತಾದ ಮೂಳೆ ಯಾವುದು ಎಂದು ಅದಕ್ಕೆ ತಿಳಿಯದು. ಬೆನ್ನಿನ ಕಟ್ಟುಗಳು (ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳು) ಸುಣ್ಣಗಟ್ಟಿರುವುದೂ ಆ ಅಂಕಿಯನ್ನು ಏರಿಸುತ್ತದೆ. ಆದ್ದರಿಂದ ಆ "ಹೆಚ್ಚು" ಎಂಬ ವರದಿಯನ್ನು ನಂಬಿ ಕೂರಬೇಡಿ.

ಇಲ್ಲೂ ಒಂದು ಹಾರ್ಮೋನು ಕೆಲಸ ಮಾಡುತ್ತಿರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಫ್ಲೋರೈಡ್ ಹೆಚ್ಚಿದ್ದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ಬೆನ್ನುಮೂಳೆ ದಟ್ಟವಾಗುತ್ತಿರುವಾಗಲೇ ಕೈಕಾಲಿನ ಮೂಳೆಗಳ ಹೊರಪದರ ಸವೆಯುತ್ತದೆ. ಫ್ಲೋರೈಡ್ ಪ್ರದೇಶಗಳ ಮಕ್ಕಳ ಮೊಣಕಾಲು ಒಳಕ್ಕೆ ಬಾಗುವುದರ ಹಿಂದೆಯೂ ಇದೇ ಇದೆ.

ಮಾಡಿಸಬೇಕಾದದ್ದು: ಮುಂಗೈ ಮತ್ತು ಸೊಂಟದ ಎಕ್ಸ್-ರೇ (ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್‌ನ ಸ್ಪಷ್ಟ ಗುರುತು), ಮೂತ್ರದ ಫ್ಲೋರೈಡ್, ಕ್ರಿಯಾಟಿನಿನ್, ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ. ಕುಡಿಯುವ ನೀರಿನ ಮಾದರಿಯನ್ನೂ ಪರೀಕ್ಷೆಗೆ ಕೊಡಿ. ಲೀಟರಿಗೆ 1 ಮಿ.ಗ್ರಾಂ. ಒಪ್ಪುವ ಮಿತಿ, ಬೇರೆ ನೀರು ಸಿಗದಿದ್ದಾಗ ಗರಿಷ್ಠ 1.5. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಕುಡಿಯಲು ಮಾತ್ರ ಶುದ್ಧ ನೀರು ತಂದು ಅಡುಗೆಗೆ ಕೊಳವೆಬಾವಿ ನೀರನ್ನೇ ಬಳಸುವ ಮನೆಗಳು ಬಹಳ. ಅನ್ನ, ಸಾರು, ಮುದ್ದೆಯ ಮೂಲಕ ಅದು ಒಳಗೆ ಹೋಗುತ್ತಲೇ ಇರುತ್ತದೆ. ಮಳೆನೀರು ಹಿಡಿದಿಟ್ಟರೆ ಎರಡಕ್ಕೂ ಆದೀತು. ಕಡು ಚಹಾ ಮತ್ತು ಕಪ್ಪು ಉಪ್ಪನ್ನು ಕಡಿಮೆ ಮಾಡಿ, ಅವುಗಳಲ್ಲೂ ಫ್ಲೋರೈಡ್ ಇದೆ. ಸುಣ್ಣಗಟ್ಟಿದ ಕಟ್ಟುಗಳು ಮೊದಲಿನಂತಾಗವು. ಆದರೆ ನೀರು ಬದಲಾದರೆ ನೋವು ಇಳಿಯುವುದುಂಟು, ಮನೆಯ ಮಕ್ಕಳಂತೂ ಉಳಿಯುತ್ತಾರೆ.

ಪ್ರಶ್ನೆ: 63 ವರ್ಷದ ಗಂಡಸು, 58 ಕಿಲೋ, ನೋಡಲು ತೆಳ್ಳಗೆ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಡೆಕ್ಸಾ ಮೈನಸ್ 1.4 ಮಾತ್ರ. ಬೊಜ್ಜಿಲ್ಲ, ಮೂಳೆ ಪರವಾಗಿಲ್ಲ, ಆದರೂ ಮುರಿದದ್ದೇಕೆ? (ಓದುಗರು, ಪುತ್ತೂರು)

ಉತ್ತರ: ಎರಡು ನಂಬಿಕೆಗಳನ್ನೂ ಸ್ವಲ್ಪ ಅಲ್ಲಾಡಿಸಬೇಕು.

ತೆಳ್ಳಗಿದ್ದರೆ ಬೊಜ್ಜಿಲ್ಲ ಎಂದಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಅಳತೆ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ದೇಹದ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತಕ್ಕಡಿ ತೋರಿಸದ ಈ ಕೊಬ್ಬನ್ನು ಟೇಪು ತೋರಿಸುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಅಂಚಿನ ನಡುಮಧ್ಯದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರದ ಗೆರೆ. ಪಂಚೆ ಕಟ್ಟುವ ಜಾಗದಲ್ಲಿ ಅಳೆದರೆ ತಪ್ಪು ಅಂಕಿ ಬರುತ್ತದೆ.

ಇನ್ನು ಮೂಳೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಸಾಂದ್ರತೆ ಸಹಜವಾಗಿದ್ದರೂ ಮೂಳೆ ಬೇಗ ಮುರಿಯುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಮೂಳೆಯೊಳಗಿನ ಕೊಲ್ಯಾಜನ್ ಎಳೆಗಳಿಗೆ ಅಂಟಿಕೊಂಡು ಅವುಗಳ ಬಳುಕುವ ಗುಣವನ್ನು ಕಿತ್ತುಕೊಳ್ಳುತ್ತದೆ. ಖನಿಜ ಇದೆ, ಬಳುಕಿಲ್ಲ. ಹಸಿ ಬಿದಿರಿಗೂ ಒಣಗಿದ ಬಿದಿರಿಗೂ ಇರುವ ವ್ಯತ್ಯಾಸ ಇದು. ಮುರಿತದ ಅಪಾಯ ಲೆಕ್ಕ ಹಾಕುವ ಫ್ರಾಕ್ಸ್ ಪಟ್ಟಿಯೂ ಸಕ್ಕರೆ ಕಾಯಿಲೆಯವರ ಅಪಾಯವನ್ನು ಕಡಿಮೆ ತೋರಿಸುತ್ತದೆ. ಅದನ್ನು ಸರಿದೂಗಿಸಲು ಅನೇಕ ತಜ್ಞರು ಆ ಪಟ್ಟಿಯ ಕೀಲುವಾತದ ಚೌಕಕ್ಕೆ ಗುರುತು ಹಾಕಿ ಲೆಕ್ಕ ಮಾಡುತ್ತಾರೆ, ಇಲ್ಲವೇ ಟಿ-ಸ್ಕೋರನ್ನು 0.5 ಇಳಿಸಿ ಓದುತ್ತಾರೆ. ಹಾಗೆ ಓದಿದರೆ ನಿಮ್ಮದು ಮೈನಸ್ 1.9. ಜಾರಿ ಬಿದ್ದ ಮಾತ್ರಕ್ಕೆ ಮಣಿಕಟ್ಟು ಮುರಿದಿರುವುದನ್ನೂ ಸೇರಿಸಿದರೆ ಚಿಕಿತ್ಸೆಯ ಮಾತು ಎತ್ತಲೇಬೇಕು.

ನಿಮ್ಮ ಔಷಧಿ ಚೀಟಿಯಲ್ಲಿ ಪಯೊಗ್ಲಿಟಜೋನ್ ಇದೆಯೇ ನೋಡಿ. ಮಜ್ಜೆಯ ಮೂಲಕೋಶಗಳು ಮೂಳೆಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಈ ಔಷಧಿ ಅವನ್ನು ಕೊಬ್ಬಿನ ಕಡೆಗೆ ತಳ್ಳುತ್ತದೆ. ಮುರಿತ ಹೆಚ್ಚುವುದು ಹೆಂಗಸರಲ್ಲಿ ಸ್ಪಷ್ಟವಾಗಿ ಕಂಡಿದೆ. ಮುರಿತವಾದ ಯಾರೇ ಆಗಲಿ, ಬದಲಿ ಔಷಧಿ ಕೇಳುವುದು ಒಳ್ಳೆಯದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಬಿದ್ದ ಹೊತ್ತಿನಲ್ಲಿ ಸಕ್ಕರೆ ಇಳಿದಿತ್ತೇ, ಬೆವರು ಬಂದಿತ್ತೇ ನೆನಪಿಸಿಕೊಳ್ಳಿ. ಪಾದದ ಸ್ಪರ್ಶ ಮತ್ತು ಕಣ್ಣಿನ ರೆಟಿನಾ ಪರೀಕ್ಷೆಯೂ ಮೂಳೆಯ ರಕ್ಷಣೆಯೇ, ಏಕೆಂದರೆ ಬೀಳದ ಮೂಳೆ ಮುರಿಯುವುದು ಅಪರೂಪ. ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳ, ಬಚ್ಚಲ ಕಲ್ಲು, ರಾತ್ರಿ ಎದ್ದು ಹೋಗುವ ದಾರಿಯ ದೀಪ ಇವನ್ನು ಈ ವಾರವೇ ಸರಿಮಾಡಿಸಿ. ದಿನಕ್ಕೆ ಎರಡು ಸಲ, ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂತು, ಗೋಡೆ ಹಿಡಿದು ಹದಿನೈದು ಬಾರಿ ಹಿಮ್ಮಡಿ ಎತ್ತಿ ಇಳಿಸಿ. ನಡಿಗೆಯೊಂದೇ ತೊಡೆಯ ಸ್ನಾಯುವನ್ನು ಬೆಳೆಸದು.

ಪ್ರಶ್ನೆ: ವಿಟಮಿನ್ ಡಿ 60,000 ಯೂನಿಟ್ ಪುಡಿಯನ್ನು ವಾರಕ್ಕೊಂದರಂತೆ ಹೇಳಿದ್ದನ್ನು ತಪ್ಪು ತಿಳಿದು ನನ್ನ ಪತಿ ದಿನಕ್ಕೊಂದರಂತೆ ಎರಡು ತಿಂಗಳು ತೆಗೆದುಕೊಂಡರು. ಈಗ ಬಾಯಾರಿಕೆ, ವಾಕರಿಕೆ, ಮಲಬದ್ಧತೆ. (ಓದುಗರು, ವಿಜಯಪುರ)

ಉತ್ತರ: ಪುಡಿಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಈಗಲೇ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಕರೆದೊಯ್ದು ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ನೀವು ಬರೆದ ಮೂರೂ ಲಕ್ಷಣಗಳು ಕ್ಯಾಲ್ಸಿಯಂ ಏರಿದ್ದರ ಗುರುತು. ಹಾಗೇ ಬಿಟ್ಟರೆ ಮೂತ್ರಪಿಂಡ ಕೆಡುತ್ತದೆ. ವಿಟಮಿನ್ ಡಿ ಹೆಸರಿಗೆ ವಿಟಮಿನ್, ಕೆಲಸದಲ್ಲಿ ಹಾರ್ಮೋನು. ಕೊಬ್ಬಿನಲ್ಲಿ ಶೇಖರವಾಗುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪರಿಣಾಮ ಉಳಿಯುತ್ತದೆ. ಒಂದು ಸಲ ಅಂಕಿ ಸರಿಬಂತೆಂದು ತಪಾಸಣೆ ಬಿಡಬೇಡಿ. ಕೊರತೆಗೆ ಸಾಮಾನ್ಯ ಕ್ರಮ ವಾರಕ್ಕೊಂದರಂತೆ 8 ವಾರ, ಊಟ ಅಥವಾ ಹಾಲಿನ ಜೊತೆ. ಆಮೇಲೆ ಬೇಕಿದ್ದರೆ ತಿಂಗಳಿಗೊಂದು. ಪೊಟ್ಟಣದ ಮೇಲೆ ವಾರದ ಹೆಸರು ಬರೆದಿಟ್ಟರೆ ಈ ತಪ್ಪು ಆಗದು.

ಪ್ರಶ್ನೆ: ರಾಗಿ ತಿಂದರೆ ಕ್ಯಾಲ್ಸಿಯಂ ಮಾತ್ರೆ ಬೇಡವೇ? (ಓದುಗರು, ಮಂಡ್ಯ)

ಉತ್ತರ: ಬಹುಮಟ್ಟಿಗೆ ಬೇಡವಾಗಬಹುದು, ಲೆಕ್ಕ ಹಾಕಿದರೆ. ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತ ಹೆಂಗಸರಿಗೆ 1200 ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ಅಂದರೆ ಒಂದು ದೊಡ್ಡ ಮುದ್ದೆ. ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240, ಒಂದು ಬಟ್ಟಲು ಮೊಸರಿನಲ್ಲಿ ಸುಮಾರು ಅಷ್ಟೇ. ಒಂದು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿಯಿಂದ ನೂರರ ಆಸುಪಾಸು. ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಮಿಗೆ 300ಕ್ಕೂ ಹೆಚ್ಚು. ಕರಾವಳಿಯವರು ಮುಳ್ಳು ಸಮೇತ ತಿನ್ನುವ ಸಣ್ಣ ಮೀನೂ ಒಳ್ಳೆಯ ಮೂಲ. ರಾಗಿಯ ಕ್ಯಾಲ್ಸಿಯಂ ಪೂರ್ತಿ ದಕ್ಕುವುದಿಲ್ಲ, ಅದರಲ್ಲಿರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ, ಅಂಬಲಿಗೆ ರಾತ್ರಿಯೇ ಹುಳಿಯಿಟ್ಟರೆ ಆ ತಡೆ ಸಡಿಲವಾಗುತ್ತದೆ. ಹಳೆಯ ಅಡುಗೆಮನೆಗಳ ಈ ಕ್ರಮಗಳು ಸುಮ್ಮನೆ ಬಂದವಲ್ಲ.

ಸಕ್ಕರೆ ಕಾಯಿಲೆಯವರು ರಾಗಿಯನ್ನು ಗಂಜಿ, ಮಾಲ್ಟ್ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಸೊಪ್ಪಿನ ಸಾರು, ಕಾಳಿನ ಜೊತೆ ಸಣ್ಣ ಮುದ್ದೆಯೇ ಮೇಲು. ಮಾತ್ರೆ ಬೇಕೇ ಆದರೆ ಒಮ್ಮೆಗೆ 500 ಮಿ.ಗ್ರಾಂ.ಗಿಂತ ಹೆಚ್ಚು ಬೇಡ. ಕಾರ್ಬೊನೇಟ್ ಬಗೆಯದನ್ನು ಊಟದ ಜೊತೆಗೇ ನುಂಗಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮುಟ್ಟಬಾರದು. ಅವರಲ್ಲಿ ಅದು ಮೂಳೆ ಬಿಟ್ಟು ರಕ್ತನಾಳದ ಗೋಡೆಯಲ್ಲಿ ಕೂರುವ ಭಯವಿದೆ.

ಪ್ರಶ್ನೆ: ನಾನು ಅಬುಧಾಬಿಯಲ್ಲಿದ್ದೇನೆ. ಮೈಸೂರಿನಲ್ಲಿರುವ ಅಮ್ಮನಿಗೆ (71) ಮೂಳೆ ಸವೆತಕ್ಕೆಂದು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್. ಮೂರು ಡೋಸ್ ಆದವು. ನಾಲ್ಕನೆಯದು ತಪ್ಪಿ ಒಂದು ತಿಂಗಳಾಯಿತು. ಡೆಕ್ಸಾ ಸುಧಾರಿಸಿದೆ, ನಿಲ್ಲಿಸಬಹುದೇ? ಇದಕ್ಕಿಂತ ವಾರಕ್ಕೊಂದು ಮಾತ್ರೆ ಸುಲಭವಲ್ಲವೇ? (ಓದುಗರು, ಅಬುಧಾಬಿ)

ಉತ್ತರ: ಈ ಇಂಜೆಕ್ಷನ್ನನ್ನು ಸುಮ್ಮನೆ ಬಿಡುವಂತಿಲ್ಲ. ಇದು ಮೂಳೆ ಕೆರೆಯುವ ಕೋಶಗಳಿಗೆ ಬೀಗ ಹಾಕುತ್ತದೆ. ಔಷಧಿಯ ಬಲ ಮುಗಿದೊಡನೆ ಬೀಗ ತೆರೆದು ಕೋಶಗಳು ಒಟ್ಟಿಗೇ ನುಗ್ಗುತ್ತವೆ. ಕೆಲವರಲ್ಲಿ ಬೆನ್ನಿನ ಎರಡು ಮೂರು ಮಣಿಗಳು ಒಂದರ ಹಿಂದೊಂದು ಕುಸಿದದ್ದಿದೆ. ಕೊನೆಯ ಡೋಸಿನಿಂದ ಏಳು ತಿಂಗಳಾಗಿದೆ, ಅಂದರೆ ಗಡುವು ಮುಗಿದಿದೆ. ಈ ವಾರವೇ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ, ಕ್ಯಾಲ್ಸಿಯಂ ಕಡಿಮೆ ಇಲ್ಲದಿದ್ದರೆ 60 ಮಿ.ಗ್ರಾಂ. ಡೋಸ್ ಹಾಕಿಸಿ. ಹೊಸದಾಗಿ ಬೆನ್ನುನೋವು ಬಂದಿದ್ದರೆ ಎಕ್ಸ್-ರೇ ಕೂಡ ತೆಗೆಸಿ. ಮುಂದಿನ ಡೋಸಿನ ಎಣಿಕೆ ಈಗ ಹಾಕಿಸಿದ ದಿನದಿಂದ ಆರು ತಿಂಗಳು.

ನಿಲ್ಲಿಸುವುದೇ ಆದರೆ ಬೇರೆ ಔಷಧಿಗೆ ದಾಟಿಸಿ ನಿಲ್ಲಿಸಬೇಕು. ಸಾಮಾನ್ಯವಾಗಿ ಕೊನೆಯ ಡೋಸಿನಿಂದ ಆರು ತಿಂಗಳಿಗೆ ಜೊಲೆಡ್ರಾನಿಕ್ ಆಸಿಡ್ 5 ಮಿ.ಗ್ರಾಂ. ಡ್ರಿಪ್ ಕೊಡುತ್ತಾರೆ. ಮೊದಲ ಡ್ರಿಪ್ ಆದ ಮೇಲೆ ಒಂದೆರಡು ದಿನ ಜ್ವರ, ಮೈಕೈನೋವು ಬರುವುದುಂಟು, ಪ್ಯಾರಾಸಿಟಮಾಲ್ ಸಾಕು. ಮೂತ್ರಪಿಂಡದ ಕೆಲಸ ಕುಗ್ಗಿದ್ದರೆ ಡ್ರಿಪ್ ಆಗದು.

ವಾರಕ್ಕೊಂದು ಮಾತ್ರೆ ಎಂದರೆ 70 ಮಿ.ಗ್ರಾಂ. ಅಲೆಂಡ್ರೊನೇಟ್. ನುಂಗುವ ಕ್ರಮ ತಪ್ಪಿದರೆ ಅದು ಅನ್ನನಾಳವನ್ನು ಸುಡುತ್ತದೆ. ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿ ನೀರಿನೊಂದಿಗೆ ನುಂಗಬೇಕು. ಅರ್ಧ ಗಂಟೆ ಕೂತಿರಬೇಕು ಇಲ್ಲವೇ ಓಡಾಡಬೇಕು, ಮಲಗುವಂತಿಲ್ಲ. ಆ ಅರ್ಧ ಗಂಟೆ ಕಾಫಿ, ಹಾಲು, ಬೇರೆ ಮಾತ್ರೆ ಯಾವುದೂ ಇಲ್ಲ. ಹಾಲಿನೊಂದಿಗೆ ನುಂಗಿದರೆ ಔಷಧಿ ಹೆಚ್ಚುಕಡಿಮೆ ಪೂರ್ತಿ ವ್ಯರ್ಥ. ಅಮ್ಮನಿಗೆ ನುಂಗಲು ತೊಂದರೆಯಿದ್ದರೆ, ಕೂತಿರಲಾಗದಿದ್ದರೆ ಈ ಮಾತ್ರೆ ಬೇಡವೇ ಬೇಡ. ಹಲ್ಲು ಕೀಳಿಸುವ ಕೆಲಸವಿದ್ದರೆ ಯಾವ ಔಷಧಿಗೂ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಅಪರೂಪಕ್ಕೆ ದವಡೆಯ ಗಾಯ ಮಾಯದೆ ಉಳಿಯುತ್ತದೆ. ಈ ಔಷಧಿಗಳನ್ನು ವರ್ಷಗಟ್ಟಲೆ ಬಳಸಿದವರಿಗೆ ತೊಡೆಯಲ್ಲಿ ಕಾರಣವಿಲ್ಲದ ನೋವು ಬಂದರೆ ಎರಡೂ ತೊಡೆಗಳ ಎಕ್ಸ್-ರೇ ತೆಗೆಸಬೇಕು.

ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಅಂಗಡಿಯಿಂದ ಐಸ್ ಪ್ಯಾಕ್‌ನಲ್ಲಿಟ್ಟು ತಂದು ಫ್ರಿಜ್ಜಿನ ನಡು ಅರೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಮುಂದಿನ ತಾರೀಖನ್ನು ನಿಮ್ಮ ಫೋನಿನಲ್ಲೂ ಅಮ್ಮನ ಗೋಡೆಯ ಕ್ಯಾಲೆಂಡರಿನಲ್ಲೂ ಎರಡು ವಾರ ಮೊದಲೇ ನೆನಪಾಗುವಂತೆ ಗುರುತು ಹಾಕಿ, ಔಷಧಿ ತರಿಸಲು ಅಷ್ಟು ದಿನ ಬೇಕಾಗಬಹುದು.